ಮಣ್ಣಿನ ಓದು, ಕಾನೂನಿನ ಓದು



ಪಿಯುಸಿ ಫಲಿತಾಂಶ ಬಂದ ವಾರ ನೆರೆಯೂರಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಯ ಜಗಲಿಗೆ ಬಂದಿದ್ದರು. ಹುಡುಗಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ಕೃಷಿಕರ ಕೋಟಾದಲ್ಲಿ ಬಿ.ಎಸ್ಸಿ. ಅಗ್ರಿ ಸೀಟು ದೊರೆಯುವ ಸಂಭವವೂ ಇತ್ತು. ತಂದೆಯ ದೂರು ಬೇರೆಯೇ. "ಡಾಕ್ಟ್ರೇ, ಅಗ್ರಿ ಸೀಟು ಸಿಗೋ ಹಾಗಿದೆ. ಇವಳು ನೋಡಿದರೆ ಲಾ ಓದ್ತೇನೆ ಅಂತ ಕೂತಿದ್ದಾಳೆ. ಎರಡು ದೋಣಿ ಮೇಲೆ ಕಾಲಿಟ್ಟರೆ ಆಗ್ತದಾ? ನೀವಾದರೂ ಒಂದು ಮಾತು ಹೇಳಿ." ಹುಡುಗಿ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಓದೋಕೆ ಆಗಲ್ವಾ ಸರ್?"

ಇಪ್ಪತ್ತು ವರ್ಷಗಳ ಹಿಂದಾಗಿದ್ದರೆ ನಾನು ತಂದೆಯ ಪರವಾಗಿಯೇ ಮಾತನಾಡುತ್ತಿದ್ದೆ. ಅಂದು ಹಾಗೆ ಮಾಡಲಿಲ್ಲ. ಅದಕ್ಕೆ ಕಾರಣವಾದ ಒಂದು ಸೋಲಿನ ಕಥೆಯನ್ನು ಇಲ್ಲಿ ಹೇಳಿಕೊಳ್ಳಬೇಕು. ಆ ಸೋಲಿನಲ್ಲಿ ನನ್ನ ಪಾಲೂ ಇದೆ.

2013ರ ಬೇಸಿಗೆಯಲ್ಲಿ ನಮ್ಮ ಭಾಗದ ಒಂದು ಗುಡ್ಡದ ಮೇಲೆ ಕಲ್ಲುಗಣಿ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಗುಡ್ಡದ ಬುಡದಲ್ಲಿ ಹುಟ್ಟುವ ಹಳ್ಳವೇ ಕೆಳಗಿನ ತೋಟಗಳಿಗೆ ಆಧಾರ. ಮಣ್ಣುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು ಊರಿನಲ್ಲಿ ನಾನೊಬ್ಬನೇ ಆದ್ದರಿಂದ ಊರವರೆಲ್ಲ ನನ್ನನ್ನೇ ಮುಂದೆ ಮಾಡಿದರು. ಇಳಿಜಾರಿನ ಮೇಲ್ಮಣ್ಣಿನ ಆಳವೆಷ್ಟು, ಮಳೆನೀರು ಇಂಗುವ ವೇಗವೆಷ್ಟು, ಗುಡ್ಡದ ನೆತ್ತಿಯನ್ನು ಬಿಚ್ಚಿದರೆ ಹೂಳು ಎತ್ತ ಹರಿಯುತ್ತದೆ ಎಂಬುದನ್ನೆಲ್ಲ ಇಪ್ಪತ್ತು ನಿಮಿಷ ವಿವರಿಸಿದೆ. ಚಪ್ಪಾಳೆ ಬಿತ್ತು. ಅಧಿಕಾರಿಗಳು ಧನ್ಯವಾದ ಹೇಳಿದರು. ನಾವು ಗೆದ್ದೆವೆಂದೇ ಭಾವಿಸಿ ಮನೆಗೆ ಮರಳಿದೆವು.

ಬಹಳ ತಿಂಗಳ ಮೇಲೆ ಸಭೆಯ ನಡಾವಳಿಯ ಪ್ರತಿ ಕೈಗೆ ಬಂದಾಗ, ನನ್ನ ಇಪ್ಪತ್ತು ನಿಮಿಷಗಳು ಅದರಲ್ಲಿ ಒಂದೇ ಸಾಲಾಗಿದ್ದವು: ಗ್ರಾಮಸ್ಥರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು. ಅಷ್ಟರಲ್ಲಿ ಪರಿಸರ ಅನುಮತಿ ದೊರೆತು ಐದು ತಿಂಗಳೇ ಕಳೆದಿತ್ತು. ಹಸಿರು ನ್ಯಾಯಮಂಡಳಿಗೆ ಹೋಗೋಣವೆಂದು ವಕೀಲರನ್ನು ಕಂಡೆವು. ಅವರು ಕೇಳಿದ ಮೊದಲ ಪ್ರಶ್ನೆಯೇ "ಆದೇಶದ ದಿನಾಂಕ ಯಾವುದು?" ಎಂಬುದು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೇ ಕಲಮಿನಂತೆ, ಆದೇಶ ತಿಳಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಮಂಡಳಿ ಇನ್ನು 60 ದಿನ ಕೊಡಬಹುದು. ಅದರಾಚೆಗೆ ಬಾಗಿಲು ಮುಚ್ಚಿತು. ಆದೇಶ "ತಿಳಿದ" ದಿನ ಯಾವುದೆಂಬುದರ ಮೇಲೆ ವಾದ ಹೂಡಲು ಸಾಧ್ಯವಿತ್ತಂತೆ. ಆದರೆ ಅದಕ್ಕೆ ಯಾವ ಪ್ರಕಟಣೆ ಎಂದು, ಎಲ್ಲಿ ಬಂತೆಂಬ ದಾಖಲೆಯನ್ನು ನಾವು ಇಟ್ಟುಕೊಂಡಿರಲಿಲ್ಲ. ಇಂದು ಆ ಹಳ್ಳದ ಕೆಳಭಾಗದ ಮೂರು ಮನೆಗಳವರು ಪ್ರತಿ ಮಳೆಗಾಲದ ಕೊನೆಗೆ ತೋಟದ ಕಾದಿಗೆಯಿಂದ ಕಲ್ಲುಪುಡಿಯ ಹೂಳನ್ನು ಎತ್ತಿ ಹಾಕುತ್ತಾರೆ.

ತರುವಾಯ 2006ರ ಪರಿಸರ ಪರಿಣಾಮ ಅಧಿಸೂಚನೆಯನ್ನು ಕುಳಿತು ಓದಿದೆ. ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಲಿಖಿತ ಅಭಿಪ್ರಾಯವನ್ನೂ ಸಲ್ಲಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸೇರಿದ ಜನರಿಗೆ ಅವರ ಭಾಷೆಯಲ್ಲಿಯೇ ಓದಿ ಹೇಳಬೇಕು. ನಮಗೆ ಯಾರೂ ಓದಿ ಹೇಳಲಿಲ್ಲ. ಓದಿ ಹೇಳಿರೆಂದು ನಾವೂ ಕೇಳಲಿಲ್ಲ. ಕೇಳಬೇಕೆಂಬುದೇ ತಿಳಿದಿರಲಿಲ್ಲ. ನನ್ನ ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಅದನ್ನು ಯಾವ ಕಾಗದದಲ್ಲಿ, ಯಾರ ಮುಂದೆ, ಯಾವ ದಿನದೊಳಗೆ ಇಡಬೇಕೆಂಬ ಅರಿವು ನನಗಿರಲಿಲ್ಲ. ಅರಿತವರು ನಮ್ಮ ನಡುವೆ ಒಬ್ಬರೂ ಇರಲಿಲ್ಲ.

ಆದುದರಿಂದ ಈ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿ ಓದುಗರಿಗೂ ಅವರ ಮನೆಯ ಹಿರಿಯರಿಗೂ ಹೇಳಬಯಸುವುದು ಇಷ್ಟು. ಕೃಷಿ, ಅರಣ್ಯ, ಜೀವವಿಜ್ಞಾನ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಯಾವುದನ್ನೇ ಓದಿರಿ. ಅದರ ಜೊತೆಗೆ, ಇಲ್ಲವೇ ಅದರ ಮುಂದುವರಿಕೆಯಾಗಿ, ಕಾನೂನನ್ನು ಓದುವ ಕೆಲವು ಮಂದಿಯಾದರೂ ಮಲೆನಾಡಿನ ಪ್ರತಿ ತಾಲ್ಲೂಕಿಗೆ ಬೇಕಾಗಿದ್ದಾರೆ.

ಹೀಗೆನ್ನಲು ಕಾರಣವನ್ನು ಬೆಟ್ಟದ ಸೊಪ್ಪಿನಿಂದಲೇ ತಿಳಿಯಬಹುದು. ಸೊಪ್ಪಿನ ಬೆಟ್ಟ ಎಂದರೆ ನನ್ನ ಶಾಸ್ತ್ರದ ಪ್ರಕಾರ ತೋಟದ ಗೊಬ್ಬರದ ಕಣಜ. ಹಸಿಸೊಪ್ಪು, ದರಕು ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ತೋಟವನ್ನು ಸೇರದಿದ್ದರೆ ಘಟ್ಟದ ಮಳೆಯಲ್ಲಿ ಅಡಿಕೆ ತೋಟದ ಸಾವಯವ ಅಂಶ ಉಳಿಯುವುದಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಹಿಂದಿನ ಏರ್ಪಾಡಿನ ಹಿಂದೆ ಈ ಲೆಕ್ಕವಿದೆ. ಆದರೆ ಅದೇ ನೆಲ ಕಾನೂನಿನ ಕಣ್ಣಿಗೆ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆಯ ಮೈಸೂರು ಭಾಗದ ಕಾನು, ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ, ಬಾಣೆ ಇವುಗಳನ್ನೆಲ್ಲ ಹೆಸರಿಸಿ, ಇವುಗಳಲ್ಲಿ ಜನರಿಗಿದ್ದ ಸವಲತ್ತುಗಳು ಸರ್ಕಾರದ ಆದೇಶಗಳಿಗೆ ಒಳಪಟ್ಟು ಮುಂದುವರಿಯುತ್ತವೆ ಎನ್ನುತ್ತದೆ. ಸವಲತ್ತು ಎಂಬ ಶಬ್ದವನ್ನು ಗಮನಿಸಿರಿ. ನಮ್ಮ ಜಗಲಿಯಲ್ಲಿ ನಾವು ಅದನ್ನು ಹಕ್ಕು ಎನ್ನುತ್ತೇವೆ. ಈ ಎರಡು ಶಬ್ದಗಳ ನಡುವಿನ ಅಂತರದಲ್ಲಿ ಎಷ್ಟೋ ಕುಟುಂಬಗಳ ತೋಟದ ಭವಿಷ್ಯ ತೂಗಾಡುತ್ತಿದೆ. ಇದರ ಮೇಲೆ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾದುದಕ್ಕೆಲ್ಲ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತು. 2023ರ ತಿದ್ದುಪಡಿ ಆ ವ್ಯಾಪ್ತಿಯನ್ನು ಕಿರಿದಾಗಿಸಲು ಹೊರಟಾಗ, 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಆ ಹಳೆಯ ಅರ್ಥವನ್ನೇ ಅನುಸರಿಸುವಂತೆ ಹೇಳಿತು.

ಕೃಷಿ ಪದವೀಧರ ಬೆಟ್ಟದಲ್ಲಿ ಗೊಬ್ಬರವನ್ನು ಕಾಣುತ್ತಾನೆ; ವಕೀಲ ಪಹಣಿಯ ಕಾಲಮನ್ನು ಕಾಣುತ್ತಾನೆ. ಎರಡನ್ನೂ ಒಟ್ಟಿಗೆ ಕಾಣಬಲ್ಲವರು ವಿರಳ.

ಅರಣ್ಯ ಹಕ್ಕು ಕಾಯ್ದೆಯ ಕಥೆಯೂ ಇದೇ. 2006ರ ಆ ಕಾಯ್ದೆಯಂತೆ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅಷ್ಟು ಹಿಂದಿನ ಕಾಗದವನ್ನು ಬಡವರ ಮನೆಯಲ್ಲಿ ಹುಡುಕಿದರೆ ಗೆದ್ದಲು ತಿಂದ ಚೂರುಗಳು ಸಿಕ್ಕಾವು. ಆದರೆ ಕಾಯ್ದೆಯಡಿಯ ನಿಯಮಗಳ 13ನೇ ನಿಯಮ ಕಾಗದವನ್ನಷ್ಟೇ ಕೇಳುವುದಿಲ್ಲ. ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದು, ಮನೆ, ಸಮತಟ್ಟು ಮಾಡಿದ ನೆಲ, ಒಡ್ಡು, ಬಾವಿ, ಸ್ಮಶಾನ, ದೇವರ ಬನ ಇವೆಲ್ಲವೂ ಸಾಕ್ಷ್ಯವಾಗುತ್ತವೆ. ಗದ್ದೆಯ ಹಾಳಿ ಎಷ್ಟು ಹಳೆಯದು, ಜಂಬಿಟ್ಟಿಗೆ ಕಟ್ಟೆ ಯಾವ ಕಾಲದ್ದು, ಹಿತ್ತಲಿನ ಹಲಸಿನ ಮರಕ್ಕೆ ಎಷ್ಟು ವಯಸ್ಸಾದೀತು ಎಂಬುದನ್ನು ಅಂದಾಜಿಸುವುದು ಕೃಷಿ, ಅರಣ್ಯ ವಿಜ್ಞಾನ ಓದಿದವರಿಗೆ ಸಾಧ್ಯ. ಆ ಅಂದಾಜನ್ನು ಅರಣ್ಯ ಹಕ್ಕು ಸಮಿತಿಯ ಮುಂದೆ ಸಾಕ್ಷ್ಯದ ರೂಪದಲ್ಲಿ ಇಡುವುದು ಕಾನೂನು ಓದಿದವರಿಗೆ ಸಾಧ್ಯ. ಒಬ್ಬರೇ ಎರಡನ್ನೂ ಬಲ್ಲರಾದರೆ ಒಂದು ಊರಿನ ಎಷ್ಟೋ ಅರ್ಜಿಗಳಿಗೆ ಬಲ ಬಂದೀತು.

ನ್ಯಾಯಾಲಯವೂ ಈ ಜೋಡಿಯನ್ನು ಬಯಸುತ್ತದೆ. ಹಸಿರು ನ್ಯಾಯಮಂಡಳಿಯಲ್ಲಿ ನ್ಯಾಯಾಂಗದ ಸದಸ್ಯರ ಪಕ್ಕದಲ್ಲಿ ಪರಿಣತ ಸದಸ್ಯರು ಕುಳಿತು ತೀರ್ಪು ನೀಡುವ ವ್ಯವಸ್ಥೆಯನ್ನು ಕಾಯ್ದೆಯೇ ಮಾಡಿದೆ. ತಜ್ಞರ ಅಭಿಪ್ರಾಯಕ್ಕೆ ಹಳೆಯ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಲ್ಲಿದ್ದ ಸ್ಥಾನ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ಮುಂದುವರಿದಿದೆ. ಆದರೆ ತಜ್ಞನಿಗೆ ಸರಿಯಾದ ಪ್ರಶ್ನೆ ಕೇಳಲು ಆ ಶಾಸ್ತ್ರದ ಗಂಧವಿರುವ ವಕೀಲ ಬೇಕು.

ನಮ್ಮ ನೆಲದ ಹೋರಾಟಗಳೂ ಇದನ್ನೇ ಕಲಿಸಿವೆ. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಯಲು ಕೊಡುವ ಯೋಜನೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹಾಗೂ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ಅಲ್ಲಿ ಬಯಲಿನ ಹೋರಾಟ, ನ್ಯಾಯಾಲಯದ ಹೋರಾಟ ಎರಡೂ ಒಟ್ಟಿಗೆ ನಡೆದಿದ್ದವು. ಕುದುರೆಮುಖದ ಪ್ರಕರಣದಲ್ಲಿ, ಅರಣ್ಯಾಧಿಕಾರಿಯಾಗಿ ಕಾಡನ್ನು ನಡೆದು ಬಲ್ಲ ಕೆ.ಎಂ. ಚಿಣ್ಣಪ್ಪನವರು ಅರ್ಜಿದಾರರಾದಾಗ, 2002ರ ಅಕ್ಟೋಬರ್ 30ರ ತೀರ್ಪು 2005ರ ಅಂತ್ಯಕ್ಕೆ ಗಣಿಗಾರಿಕೆಗೆ ತೆರೆ ಎಳೆಯಿತು.

ಇನ್ನು, ಎರಡನ್ನೂ ಓದುವ ದಾರಿ ಯಾವುದೆಂಬ ಹುಡುಗಿಯ ಪ್ರಶ್ನೆಗೆ ಬರೋಣ. ದಾರಿಗಳು ಮುಖ್ಯವಾಗಿ ಎರಡು.

ಮೊದಲನೆಯದು, ಪಿಯುಸಿ ಮುಗಿದೊಡನೆ ಸೇರುವ ಐದು ವರ್ಷಗಳ ಸಂಯೋಜಿತ ಪದವಿ. ಇದರಲ್ಲಿ ಒಂದು ಮೂಲ ಪದವಿಯೂ ಎಲ್‌ಎಲ್.ಬಿ.ಯೂ ಒಟ್ಟಿಗೆ ದೊರೆಯುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ತರಗತಿಗಳು ಆರಂಭವಾದ ಮೇಲೆ ಈ ಮಾದರಿ ದೇಶದಲ್ಲೆಲ್ಲ ಹಬ್ಬಿತು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಕಾನೂನಿನ ಜೊತೆಗಾತಿ ಸಾಮಾನ್ಯವಾಗಿ ಬಿ.ಎ., ಬಿ.ಕಾಂ. ಅಥವಾ ಬಿಬಿಎ. ಕಾನೂನಿನೊಡನೆ ವಿಜ್ಞಾನವನ್ನೂ ಜೋಡಿಸಬಹುದು. ಗಾಂಧಿನಗರದ ಗುಜರಾತ್ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಅಂಥ ಪದವಿಯನ್ನು ನಡೆಸಿದೆ. ಆದರೆ ಬಿ.ಎಸ್ಸಿ. ಅಗ್ರಿ ಪದವಿ ಈ ಜೋಡಣೆಯಲ್ಲಿ ಬರುವುದಿಲ್ಲ. ಈ ದಾರಿ ಹಿಡಿದವರಿಗೆ ನನ್ನ ಸೂಚನೆ ಒಂದೇ: ಜೊತೆಯ ವಿಷಯವನ್ನು ಏಣಿಯಂತೆ ಹತ್ತಿ ಒದೆಯಬೇಡಿರಿ. ಅರ್ಥಶಾಸ್ತ್ರ ಓದುವವರು ಊರಿನ ಅಡಿಕೆಯ ಲೆಕ್ಕ ಬರೆಯಿರಿ. ಸಮಾಜಶಾಸ್ತ್ರ ಓದುವವರು ಕೂಲಿಗೆ ಬರುವವರ ಮನೆಗಳಲ್ಲಿ ಕುಳಿತು ಕೇಳಿರಿ.

ಎರಡನೆಯದು, ಯಾವುದೇ ಪದವಿ ಮುಗಿಸಿ ಸೇರುವ ಮೂರು ವರ್ಷಗಳ ಎಲ್‌ಎಲ್.ಬಿ. ಇರುವಕ್ಕಿಯಲ್ಲೋ ಮೂಡಿಗೆರೆಯಲ್ಲೋ ಕೃಷಿ, ತೋಟಗಾರಿಕೆ ಓದಿದವರು, ಶಿರಸಿಯಲ್ಲೋ ಪೊನ್ನಂಪೇಟೆಯಲ್ಲೋ ಅರಣ್ಯಶಾಸ್ತ್ರ ಓದಿದವರು ಈ ದಾರಿಯಲ್ಲಿ ಬರಬಹುದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ಶಿರಸಿ, ಶಿವಮೊಗ್ಗ, ಚಿಕ್ಕಮಗಳೂರು, ಸುಳ್ಯಗಳಲ್ಲಿ ಕಾನೂನು ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಶಾಲೆಯೂ 2022ರಿಂದ ಮೂರು ವರ್ಷಗಳ ಪದವಿಯನ್ನು ನಡೆಸುತ್ತಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಎರಡೂ ದಾರಿಗಳಿಗೆ ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇ. 40 ಅಂಕಗಳಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಏಕಕಾಲಕ್ಕೆ ಎರಡು ಪದವಿ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಅವಕಾಶ ಕೊಟ್ಟಿತೆಂಬ ಸುದ್ದಿಯನ್ನು ನಂಬಿ, ಹಗಲು ಎಂ.ಎಸ್ಸಿ., ಸಂಜೆ ಎಲ್‌ಎಲ್.ಬಿ. ಎಂದು ಹೊರಟವರನ್ನು ನಾನು ಕಂಡಿದ್ದೇನೆ. ಕಾನೂನು ಪದವಿಗೆ ಇದು ಹೊಂದುವುದಿಲ್ಲ. ವಕೀಲರ ಪರಿಷತ್ತಿನ ಅದೇ ನಿಯಮಗಳ 6ನೇ ನಿಯಮದಂತೆ, ಒಂದೇ ಸಂಸ್ಥೆಯ ಸಂಯೋಜಿತ ಪದವಿಯನ್ನು ಬಿಟ್ಟರೆ, ಕಾನೂನು ಪದವಿಯೊಡನೆ ಮತ್ತೊಂದು ರೆಗ್ಯುಲರ್ ಕೋರ್ಸಿಗೆ ಹೆಸರು ಹಚ್ಚುವಂತಿಲ್ಲ. ದೂರಶಿಕ್ಷಣದ ಕೋರ್ಸುಗಳಿಗೂ ಭಾಷೆ, ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟುಗಳಿಗೂ ವಿನಾಯಿತಿ ಇದೆ. 2024ರ ಸೆಪ್ಟೆಂಬರಿನಲ್ಲಿ ಪರಿಷತ್ತು, ಏಕಕಾಲಕ್ಕೆ ಮತ್ತೊಂದು ಪದವಿ ಓದುತ್ತಿಲ್ಲವೆಂದು ವಿದ್ಯಾರ್ಥಿಗಳಿಂದ ಘೋಷಣೆ ಪಡೆಯುವಂತೆ ಕಾಲೇಜುಗಳಿಗೆ ಸೂಚಿಸಿತು. ಆದ್ದರಿಂದ ಮುಚ್ಚಿಟ್ಟು ಓದಿ ಕೊನೆಗೆ ಎರಡನ್ನೂ ಕಳೆದುಕೊಳ್ಳಬೇಡಿರಿ.

ಪದವಿಯ ನಂತರ ವಕೀಲಿ ನಡೆಸಲು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿಯ ಹೆಸರಿನಲ್ಲಿ ರಾಜ್ಯಗಳ ಪರಿಷತ್ತುಗಳು ಸಾವಿರಗಟ್ಟಲೆ ವಸೂಲು ಮಾಡುವುದನ್ನು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತಡೆಯಿತು. ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗಳಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದಿತು. ಬಡವರ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ. ಕರಿಕೋಟು ಧರಿಸುವ ಇರಾದೆ ಇಲ್ಲದ ಪದವೀಧರರಿಗೆ, ಬೆಂಗಳೂರಿನ ರಾಷ್ಟ್ರೀಯ ಶಾಲೆ ದೂರಶಿಕ್ಷಣದಲ್ಲಿ ನಡೆಸುತ್ತ ಬಂದಿರುವ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾದಂಥ ಓದು ಸಾಕಾದೀತು.

ಓದಿನ ಭಾಷೆಯ ತೊಡಕನ್ನು ಮರೆಮಾಚಲಾಗದು. ತಾಲ್ಲೂಕು ನ್ಯಾಯಾಲಯದಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ನಮ್ಮ ಬದುಕಿನ ಕಾನೂನುಗಳು ನಮಗೆ ತಿಳಿಯದ ಭಾಷೆಯಲ್ಲಿ ಹುಟ್ಟುತ್ತವೆ. 2020ರ ಕರಡು ಪರಿಸರ ಪರಿಣಾಮ ಅಧಿಸೂಚನೆ ಬಂದಾಗ, ಅದನ್ನು ಎಂಟನೇ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಜೂನ್ 30ರಂದು ಆದೇಶಿಸಬೇಕಾಯಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂದು ಕರ್ನಾಟಕ ಹೈಕೋರ್ಟೂ ಅಂತಿಮ ಅಧಿಸೂಚನೆಗೆ ತಡೆ ಹಾಕಿತು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು 2024ರ ಜುಲೈ 31ರಂದು ಹೊರಬಂತು. ಕರ್ನಾಟಕದ 20,668 ಚದರ ಕಿಲೋಮೀಟರು ಅದರಲ್ಲಿ ಸೇರಿತ್ತು; ಆಕ್ಷೇಪಣೆಗೆ 60 ದಿನ. ನಮ್ಮ ಊರುಗಳಿಂದ ಹೋದ ಪತ್ರಗಳಲ್ಲಿ ಬಹುಪಾಲು "ಬೇಡ" ಎಂದಷ್ಟೇ ಹೇಳುವ ಅಚ್ಚಿನ ನಮೂನೆಗಳು. ಯಾವ ಸರ್ವೆ ನಂಬರು, ಯಾವ ಬಳಕೆ, ಯಾವ ನಿಬಂಧನೆ ಯಾರನ್ನು ಹೇಗೆ ತಟ್ಟುತ್ತದೆ ಎಂದು ಬರೆದವರು ಕೆಲವರೇ. ಕರಡನ್ನು ವಿರೋಧಿಸುವವರಿಗೂ ಬೆಂಬಲಿಸುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ನಮ್ಮ ಬಳಗದೊಳಗೆಯೇ ಈ ವಿಚಾರಕ್ಕೆ ಆಕ್ಷೇಪಗಳಿವೆ. ಚಳವಳಿ ವಕೀಲರ ಕೈಗೆ ಹೋದರೆ ಜನ ಪ್ರೇಕ್ಷಕರಾಗುತ್ತಾರೆ ಎನ್ನುವ ಹಿರಿಯರಿದ್ದಾರೆ. ಅವರ ಭಯ ನಿರಾಧಾರವಲ್ಲ. ಕುಸನೂರಿನಲ್ಲಿ ಗುದ್ದಲಿ ಹಿಡಿದ ಕೈಗಳಿಲ್ಲದೆ ಅರ್ಜಿಯೊಂದೇ ಏನು ಮಾಡೀತು? ಆದರೆ ಗುದ್ದಲಿ ಹಿಡಿದವರ ಮೇಲೆ ಮೊಕದ್ದಮೆ ಬಿದ್ದಾಗ ಜಾಮೀನಿಗಾಗಿ ಅಲೆಯುವುದೂ ನಾವೇ ಅಲ್ಲವೇ? ಇನ್ನು ಕೆಲವರು, ಓದಿದ ಮಕ್ಕಳು ಬೆಂಗಳೂರಿನ ಕಂಪೆನಿಗಳ ಪಾಲಾಗುತ್ತಾರೆ ಎನ್ನುತ್ತಾರೆ. ಹಲವರು ಆದಾರು. ಕೃಷಿ ಓದಿದವರೆಲ್ಲ ಊರಲ್ಲಿ ಉಳಿದರೆ? ಹತ್ತರಲ್ಲಿ ಒಬ್ಬರು ಮರಳಿದರೂ ಆ ಒಬ್ಬರು ಇಂದು ನಮ್ಮಲ್ಲಿಲ್ಲದವರು.

ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ಅಳುಕೊಂದಿದೆ. ಕಾನೂನು ಬಲ್ಲ ಮಗಳು ಮೊದಲು ಪ್ರಶ್ನಿಸುವುದು ನಮ್ಮನ್ನೇ. ಸೊಪ್ಪಿನ ಬೆಟ್ಟವನ್ನು ಜೆಸಿಬಿಯಿಂದ ತಟ್ಟು ಮಾಡಿ ಅಡಿಕೆ ಇಟ್ಟದ್ದು ಯಾವ ಸವಲತ್ತಿನಲ್ಲಿ ಬರುತ್ತದೆ ಅಪ್ಪಾ ಎಂದು ಅವಳು ಕೇಳಿದರೆ ಏನು ಹೇಳುವುದು? ಬೆಟ್ಟದ ಸೊಪ್ಪಿನ ಸವಲತ್ತು ಬೆಟ್ಟವಾಗಿ ಉಳಿದ ಬೆಟ್ಟಕ್ಕೆ ಮಾತ್ರ ಎಂಬುದನ್ನು ಮಣ್ಣುವಿಜ್ಞಾನವೂ ಹೇಳುತ್ತದೆ. ಕಲ್ಲುಗಣಿಯ ಹೂಳಿನ ವಿರುದ್ಧ ಮಾತನಾಡುವ ನಾವು ನಮ್ಮ ಅಗೆತದ ಹೂಳಿಗೂ ಉತ್ತರ ಹೇಳಬೇಕಾಗುತ್ತದೆ. ಈ ಮುಜುಗರವನ್ನು ಸಹಿಸಲು ಸಿದ್ಧರಿದ್ದರೆ ಮಾತ್ರ ಮಕ್ಕಳನ್ನು ಕಾನೂನು ಓದಲು ಕಳುಹಿಸೋಣ. ಸಹಿಸಬೇಕೆಂಬುದೇ ನನ್ನ ಅಭಿಪ್ರಾಯ.

ಅಷ್ಟರವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಗ್ರಾಮ ಘಟಕವೂ ಒಂದು ದಿನಾಂಕ ಪುಸ್ತಕವನ್ನಿಡಲಿ. ಯಾವ ಪ್ರಕಟಣೆ ಎಂದು ಬಂತು, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಯಾವ ಕಾಗದಕ್ಕೆ ಸ್ವೀಕೃತಿ ಪಡೆದೆವು ಎಂದು ಅದರಲ್ಲಿ ಬರೆಯಲಿ. ಎಸ್ಸೆಸ್ಸೆಲ್ಸಿ ಮುಗಿಸಿದ ಯಾರೂ ಇದನ್ನು ಮಾಡಬಲ್ಲರು. ಕಾನೂನು ಕಾಲೇಜುಗಳು ಉಚಿತ ಕಾನೂನು ನೆರವಿನ ಕೇಂದ್ರಗಳನ್ನು ನಡೆಸಬೇಕೆಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ಹತ್ತಿರದ ಕಾಲೇಜಿಗೆ ಹೋಗಿ ಆ ವಿದ್ಯಾರ್ಥಿಗಳನ್ನು ನಮ್ಮ ಗ್ರಾಮಸಭೆಗೆ ಕರೆಯೋಣ. ಕೃಷಿ, ಅರಣ್ಯ ಕಾಲೇಜುಗಳ ಮಕ್ಕಳನ್ನು ಅದೇ ದಿನ ಕರೆಯೋಣ. ಇಬ್ಬರೂ ಒಂದೇ ಬೆಟ್ಟವನ್ನು ಒಟ್ಟಿಗೆ ಹತ್ತಲಿ.

ಅಂದು ಜಗಲಿಯಲ್ಲಿ ಎರಡು ದಾರಿಗಳನ್ನೂ ಖರ್ಚಿನ ಅಂದಾಜಿನೊಡನೆ ಕಾಗದದ ಮೇಲೆ ಬರೆದುಕೊಟ್ಟೆ. ಅಗ್ರಿಗೆ ನಾಲ್ಕು, ಕಾನೂನಿಗೆ ಮೂರು, ಏಳು ವರ್ಷ. ಹುಡುಗಿಯೇ ತುಸು ಅಳುಕಿದಳು. ತಂದೆ ಬಹಳ ಹೊತ್ತು ಆ ಹಾಳೆಯನ್ನು ನೋಡುತ್ತ ಕುಳಿತಿದ್ದವರು ಕೊನೆಗೆ, "ಅಡಿಕೆ ಸಸಿ ಹಾಕಿ ಫಸಲಿಗೆ ನಾವು ಕಾಯ್ತೇವಲ್ಲ, ಇದೂ ಅಷ್ಟೇ ವರ್ಷ" ಎಂದರು. ಅವಳು ಈಗ ಅಗ್ರಿ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದವಳು ಆ ಹೂಳು ತುಂಬಿದ ಹಳ್ಳದ ನೀರಿನ ಮಾದರಿಯನ್ನು ಬಾಟಲಿಗಳಲ್ಲಿ ತುಂಬಿ, ಪ್ರತಿ ಬಾಟಲಿಯ ಮೇಲೂ ದಿನಾಂಕ ಬರೆದು ಅಂಟಿಸಿದಳು.

— ಸಂಪಾದಕ